ಡಾಟ್ಸನ್ ಅಂಚಿನ ಬಿಸಿ ನೀರು

ಚಿಲಿಯ ಪುಂಟಾ ಅರೆನಾಸ್ ಬಂದರು ಬಿಟ್ಟು ಹತ್ತು ದಿನ ದಾಟಿತ್ತು. ಪಶ್ಚಿಮ ಅಂಟಾರ್ಕ್ಟಿಕಾದ ಅಮುಂಡ್ಸನ್ ಸಮುದ್ರದ ಮಂಜುಗಡ್ಡೆಯನ್ನು ಸೀಳಿಕೊಂಡು ನಮ್ಮ ಹಡಗು ಡಾಟ್ಸನ್ ಐಸ್ ಶೆಲ್ಫ್‌ನ, ಅಂದರೆ ಖಂಡದಿಂದ ಸಮುದ್ರದ ಮೇಲಕ್ಕೆ ಚಾಚಿ ತೇಲುವ ಮಂಜಿನ ಹಾಸಿನ, ಎದುರು ಬಂದು ನಿಂತಾಗ ರಾತ್ರಿ ಎರಡು ಗಂಟೆ. ಜನವರಿಯಾದ್ದರಿಂದ ಸೂರ್ಯ ಮುಳುಗಿರಲಿಲ್ಲ. ಆರು ವರ್ಷ ಕಂಪ್ಯೂಟರ್ ಮಾಡೆಲ್‌ನಲ್ಲಿ ಕರಗಿಸುತ್ತಿದ್ದ ಮಂಜು ಕಣ್ಣೆದುರು ಗೋಡೆಯಾಗಿ ನಿಂತಿತ್ತು. ನನಗೆ ಮಾತೇ ಹೊರಡಲಿಲ್ಲ.

ಕಾಣುವುದು ಸ್ವಲ್ಪವೇ. ಬಹುಪಾಲು ಇರುವುದು ನೀರಿನೊಳಗೆ, ಅದನ್ನು ತಿನ್ನುತ್ತಿರುವುದೂ ಅಡಿಯಿಂದ ಸಮುದ್ರವೇ. ಪೂರ್ವದ ತುದಿಯಲ್ಲಿ ಸಿಟಿಡಿಯನ್ನು ಕೇಬಲ್ಲಿಗೆ ಕಟ್ಟಿ ಇಳಿಬಿಟ್ಟೆವು. ಉಷ್ಣಾಂಶ, ಉಪ್ಪು, ಆಳ ಮೂರನ್ನೂ ಅಳೆಯುವ ಉಪಕರಣ ಅದು. ಸುತ್ತಲೂ ನೀರು ಹಿಡಿಯುವ ಬಾಟಲಿಗಳು. ಪರದೆಯ ಮೇಲಿನ ಉಷ್ಣಾಂಶದ ಗೆರೆ ಬಹಳ ಹೊತ್ತು ಮೈನಸ್ 1.7 ಡಿಗ್ರಿಯ ಆಸುಪಾಸಿನಲ್ಲೇ ಇಳಿಯುತ್ತಿತ್ತು. 400 ಮೀಟರ್ ದಾಟಿದ ಮೇಲೆ ಬಲಕ್ಕೆ ಹೊರಳಿತು, ಹೊರಳುತ್ತಲೇ ಹೋಗಿ ಸೊನ್ನೆಯನ್ನೂ ದಾಟಿತು.

ಇದನ್ನು ಬಿಸಿ ನೀರು ಎನ್ನುತ್ತೇವೆ. ಸಮುದ್ರದ ನೀರು ಹೆಪ್ಪುಗಟ್ಟುವುದು ಮೈನಸ್ 1.9ರಲ್ಲಿ, ಒತ್ತಡದಿಂದಾಗಿ ಸಾವಿರ ಮೀಟರ್ ಆಳಕ್ಕೆ ಅದು ಇನ್ನೂ ಮುಕ್ಕಾಲು ಡಿಗ್ರಿ ಇಳಿಯುತ್ತದೆ. ಹಾಗಾಗಿ ತಳದ ಮಂಜಿಗೆ ಸೊನ್ನೆಯ ನೀರೂ ಸುಡುವಷ್ಟು ಬಿಸಿ. ಉಪ್ಪು ಹೆಚ್ಚಾದ್ದರಿಂದ ಭಾರವಾಗಿ, ಸಮುದ್ರತಳದ ಕಣಿವೆ ಹಿಡಿದು ಒಳನುಗ್ಗುತ್ತದೆ. ಕರಗಿದ ಸಿಹಿನೀರು ಬೆರೆತಾಗ ಹಗುರಾಗಿ, ಮಂಜಿನಡಿಗೆ ಆತುಕೊಂಡು ಮೇಲೇರಿ, ಭೂಮಿಯ ಆವರ್ತನೆಯಿಂದ ಎಡಕ್ಕೆ ವಾಲಿ ಪಶ್ಚಿಮದಲ್ಲಿ ಹೊರಬೀಳುತ್ತದೆ.

ಇಷ್ಟು ನನ್ನ ಮಾಡೆಲ್‌ನಲ್ಲೂ ಇತ್ತು. ಕಷ್ಟ ಇರುವುದು ಬೇರೆ ಕಡೆ. ಶಾಖ ಮಂಜಿಗೆ ದಾಟುವುದು ಮಿಲಿಮೀಟರ್ ಲೆಕ್ಕದ ತೆಳು ಪದರದಲ್ಲಿ. ಸಮುದ್ರವನ್ನು ಚೌಕಗಳಾಗಿ ಹಂಚುವ ನನ್ನ ಮಾಡೆಲ್‌ನ ಗ್ರಿಡ್‌ನಲ್ಲಿ ಒಂದು ಚೌಕವೋ ಒಂದು ಕಿಲೋಮೀಟರ್ ಅಗಲ. ಆ ಪದರದ ಕೆಲಸವನ್ನೆಲ್ಲ ಒಂದೆರಡು ಗುಣಾಂಕಗಳ ತಲೆಗೆ ಕಟ್ಟುತ್ತೇವೆ. ಅವನ್ನು ತುಸು ಬದಲಿಸಿದರೂ ವರ್ಷಕ್ಕೆ ಕರಗುವ ಮೀಟರುಗಳು ಬದಲಾಗುತ್ತವೆ. ಬೆನ್ನಿಗೆ ಖಂಡದ ಮೇಲಿರುವ ಹಿಮನದಿಗಳನ್ನು ತಡೆದು ಹಿಡಿದಿರುವುದು ಈ ತೇಲುವ ಮಂಜೇ. ಅಂದಾಜಿಗೆ ಬಿಡುವ ಸಂಗತಿಯಲ್ಲ ಇದು.

ಮೂರು ದಿನದ ಮೇಲೆ ಪಶ್ಚಿಮದ ತುದಿ. ಹೊರಬರುವ ನೀರು ನಾನು ಲೆಕ್ಕ ಹಾಕಿದ್ದಕ್ಕಿಂತ ಆಳದಲ್ಲಿ ಸಿಕ್ಕಿತು. ಮೇಲೇರುವ ದಾರಿಯಲ್ಲಿ ಅದು ಸುತ್ತಲಿನ ನೀರನ್ನು ನಾನೆಣಿಸಿದ್ದಕ್ಕಿಂತ ಹೆಚ್ಚು ಎಳೆದುಕೊಂಡಿರಬೇಕು. ಇದನ್ನು ಕಲಿಯಲು ಇಲ್ಲಿಗೇ ಬರಬೇಕಿತ್ತು.

ಬಾಟಲಿಯ ನೀರನ್ನು ಸಣ್ಣ ಸೀಸೆಗೆ ಹಿಡಿಯಲು ಕೈಗವಸು ಬಿಚ್ಚಿದೆ. ಅದರಲ್ಲಿನ ಆಮ್ಲಜನಕದ ಐಸೊಟೋಪ್‌ಗಳನ್ನು, ಅಂದರೆ ತೂಕ ಬೇರೆಯಾದ ಪರಮಾಣುಗಳನ್ನು, ಅಳೆದರೆ ಎಷ್ಟು ಪಾಲು ಖಂಡದ ಮೇಲೆ ಹಿಮವಾಗಿ ಬಿದ್ದದ್ದು ಎಂದು ತಿಳಿಯುತ್ತದೆ. ಸೀಸೆ ತುಂಬಿ ಉಕ್ಕಿದ ನೀರು ಬೆರಳುಗಳ ಮೇಲೆ ಹರಿಯಿತು. ಮುಚ್ಚಳ ಬಿಗಿದು, ಆಳ ಬರೆದು, ಮುಂದಿನ ಬಾಟಲಿಗೆ ಕೈ ಹಾಕಿದೆ.