ಗಂಧಕ ತೆಗೆದ ಮೇಲೆ

ತಾಮ್ರದ ಪಟ್ಟಿಯನ್ನು ಫಳಫಳ ಹೊಳೆಯುವ ತನಕ ಉಜ್ಜಬೇಕು. ಉಜ್ಜಿದ ಮೇಲೆ ಬರಿಗೈಯಲ್ಲಿ ಮುಟ್ಟುವ ಹಾಗಿಲ್ಲ, ಬೆರಳಿನ ಜಿಡ್ಡೇ ಕಲೆಯಾಗಿ ಕೂರುತ್ತದೆ. ಚಿಮುಟದಲ್ಲಿ ಹಿಡಿದು, ಡೀಸೆಲ್ ತುಂಬಿದ ಗಾಜಿನ ಕೊಳವೆಗೆ ಇಳಿಸಿ, 50 ಡಿಗ್ರಿ ಬಿಸಿಯಲ್ಲಿ 3 ಗಂಟೆ ಬಿಡಬೇಕು. ಆಮೇಲೆ ಹೊರಗೆ ತೆಗೆದು ಬಣ್ಣದ ಚಾರ್ಟಿನ ಪಕ್ಕ ಹಿಡಿದು, ಗಂಧಕ ತಗುಲಿ ಬಣ್ಣ ಎಷ್ಟು ಬದಲಾಗಿದೆ ಅಂತ ನೋಡುವುದು. ಇಂಧನ ಪರೀಕ್ಷೆಯ ಲ್ಯಾಬ್‌ಗೆ ಸೇರಿದಾಗ ನಾನು ಮೊದಲು ಕಲಿತ ಕೆಲಸ ಇದು.

ಹೊಸದಾಗಿ ಸೇರಿದ ಹುಡುಗಿಗೆ ಕಳೆದ ವಾರ ಇದನ್ನೇ ಹೇಳಿಕೊಡುತ್ತಿದ್ದೆ. ಪಟ್ಟಿ ಒಂಚೂರೂ ಬಣ್ಣ ಬದಲಾಗದೆ ಹೊರಗೆ ಬಂತು. "ಹಾಗಾದ್ರೆ ಗಂಧಕ ಇಲ್ಲ ಅಂತಾಯ್ತು ಅಲ್ವಾ ಮೇಡಂ?" ಅಂದಳು.

ಅಲ್ಲ. ಲೋಹವನ್ನು ತಿನ್ನುವ ಗಂಧಕವನ್ನು ಮಾತ್ರ ಈ ಪಟ್ಟಿ ಹಿಡಿಯುತ್ತದೆ. ಸುಮ್ನೆ ಅಡಗಿ ಕೂತ ಗಂಧಕ ಎಷ್ಟಿದೆ ಅಂತ ತಿಳಿಯಲು ಬೇರೆ ಯಂತ್ರವೇ ಬೇಕು. ಯುರೋಪಿನಲ್ಲಿ ಡೀಸೆಲ್‌ನ ಗಂಧಕದ ಮಿತಿ 2000ದಲ್ಲಿ 350 ಪಿಪಿಎಂ ಇತ್ತು. 2005ಕ್ಕೆ 50 ಆಯಿತು, 2009ಕ್ಕೆ 10. ಅಂದರೆ ಒಂದು ಕಿಲೋ ಡೀಸೆಲ್‌ನಲ್ಲಿ 10 ಮಿಲಿಗ್ರಾಂ, ಅಷ್ಟೇ. ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಜೇನುಗೂಡಿನಂಥ ರಂಧ್ರಗಳಿರುತ್ತವೆ, ಅವಕ್ಕೆ ಪ್ಲಾಟಿನಂನಂಥ ಲೋಹದ ತೆಳು ಲೇಪ. ಗಂಧಕ ಹೋಗಿ ಆ ಲೇಪದ ಮೇಲೆಯೇ ಕೂರುತ್ತದೆ. ಇಂಧನ ಕೊಳಕಾಗಿದ್ದರೆ ಎಂಥ ಒಳ್ಳೆಯ ಗಾಡಿ ಮಾಡಿದರೂ ಹೊಗೆ ಶುದ್ಧವಾಗುವುದಿಲ್ಲ.

ಇಷ್ಟು ಕೇಳಿದವರು ಗಂಧಕ ತೆಗೆದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ನನಗೆ ಹೇಳಬೇಕಾದ್ದು ಇರುವುದೇ ಅದರ ನಂತರ.

ಗಂಧಕ ತೆಗೆಯಲು ಡೀಸೆಲ್ ಜೊತೆ ಹೈಡ್ರೋಜನ್ ಸೇರಿಸಿ, ಭಾರಿ ಒತ್ತಡದಲ್ಲಿ ಕಾಯಿಸುತ್ತಾರೆ. ಆಗ ಡೀಸೆಲ್‌ಗೆ ಜಾರುವ ಗುಣ ಕೊಡುವ ಬೇರೆ ಕೆಲವು ಅಂಶಗಳೂ ಹೊರಟುಹೋಗುತ್ತವೆ. ಇಂಜಿನ್‌ಗೆ ಡೀಸೆಲ್ ಹಾಯಿಸುವ ಎಷ್ಟೋ ಪಂಪ್‌ಗಳಿಗೆ ಒಳಗಿನ ಭಾಗಗಳು ಸವೆಯದಂತೆ ಕಾಯುವುದು ಆ ಡೀಸೆಲ್ಲೇ, ಬೇರೆ ಎಣ್ಣೆ ಇರುವುದಿಲ್ಲ. ಸ್ವೀಡನ್ 1990ರ ದಶಕದ ಶುರುವಿನಲ್ಲೇ ತುಂಬ ಕಡಿಮೆ ಗಂಧಕದ ಡೀಸೆಲ್ ತಂದಾಗ ಅಲ್ಲಿ ಪಂಪ್‌ಗಳು ಸವೆದು ಕೆಟ್ಟವು. ಅದಕ್ಕೇ ಡೀಸೆಲ್ ಮಾನದಂಡದಲ್ಲಿ ಇನ್ನೊಂದು ಸಾಲು ಸೇರಿತು. ಒಂದು ಪುಟ್ಟ ಉಕ್ಕಿನ ಗುಂಡನ್ನು 60 ಡಿಗ್ರಿ ಬಿಸಿಯ ಡೀಸೆಲ್‌ನಲ್ಲಿ ಮುಳುಗಿದ ಉಕ್ಕಿನ ಬಿಲ್ಲೆಯ ಮೇಲೆ, 200 ಗ್ರಾಂ ಭಾರ ಹೇರಿ, ಸೆಕೆಂಡಿಗೆ 50 ಸಲದಂತೆ 75 ನಿಮಿಷ ಉಜ್ಜಿಸುವುದು. ಗುಂಡಿನ ಮೇಲೆ ಬಿದ್ದ ಸವೆತದ ಗುರುತು 460 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಕಡಿಮೆ, ದಾಟಬಾರದು.

ಪೆಟ್ರೋಲ್ ಕಥೆಯೂ ಹೀಗೇ. ಇಂಜಿನ್ ಬಡಿಯದಿರಲಿ ಅಂತ 1920ರ ದಶಕದಲ್ಲಿ ಪೆಟ್ರೋಲ್‌ಗೆ ಸೀಸ ಬೆರೆಸಿದರು. ಮಕ್ಕಳ ಮಿದುಳಿಗೆ ಅದು ವಿಷ. ಜಗತ್ತಿನ ಎಲ್ಲ ಪೆಟ್ರೋಲ್ ಬಂಕ್‌ಗಳಿಂದ ಅದು ಹೋಗಿದ್ದು 2021ರಲ್ಲಿ, ಅಲ್ಜೀರಿಯಾ ಮಾರಾಟ ನಿಲ್ಲಿಸಿದ ಮೇಲೆ. ಹತ್ತಿರಹತ್ತಿರ ನೂರು ವರ್ಷ! ಸೀಸ ಹೋದ ಜಾಗಕ್ಕೆ ಆಕ್ಟೇನ್, ಅಂದರೆ ಇಂಜಿನ್ ಬಡಿಯದಂತೆ ತಡೆಯುವ ಗುಣ, ತುಂಬಲು ಆರೊಮ್ಯಾಟಿಕ್ ಎಂಬ ರಾಸಾಯನಿಕಗಳು ಜಾಸ್ತಿಯಾದವು, ಅವುಗಳ ಜೊತೆ ಬೆಂಜೀನ್ ಇರುತ್ತದೆ. ಅದು ಕ್ಯಾನ್ಸರ್ ತರುವಂಥದ್ದು. ಹಾಗಾಗಿ ಅದಕ್ಕೂ ಶೇಕಡಾ 1ರ ಮಿತಿ ಹಾಕಬೇಕಾಯಿತು. ಒಂದನ್ನು ತೆಗೆಯುವಾಗಲೇ ಆ ಜಾಗಕ್ಕೆ ಏನು ಬರುತ್ತದೆ ಅಂತ ನೋಡದೆ ಬರೆದ ಮಾನದಂಡವನ್ನು ನಾನು ಅರೆಬರೆ ಅಂತಲೇ ಕರೆಯುವುದು.

ಇನ್ನೊಂದು ಮಾತು. ರಿಫೈನರಿ ಗೇಟಿನಲ್ಲಿ ಪರೀಕ್ಷೆ ಮಾಡಿದರೆ ಸಾಲದು. ಟ್ಯಾಂಕರ್‌ನಲ್ಲಿ, ನೆಲದಡಿಯ ಟ್ಯಾಂಕ್‌ನಲ್ಲಿ ನೀರು ಸೇರಬಹುದು, ಕಲಬೆರಕೆಯೂ ಆಗಬಹುದು. ಗಾಡಿಗೆ ಬೀಳುವ ನಳಿಕೆಯಿಂದಲೇ ಸ್ಯಾಂಪಲ್ ತೆಗೆಯಬೇಕು, ಹೇಳದೆ ಕೇಳದೆ ಹೋಗಿ.

ಆ ದಿನ ಮಧ್ಯಾಹ್ನ ಹುಡುಗಿಯ ಕೈಯಲ್ಲೇ ಗುಂಡಿನ ಪರೀಕ್ಷೆ ಮಾಡಿಸಿದೆ. ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಗುರುತಿನ ಅಗಲ ಅಳೆದಳು, ಉದ್ದ ಅಳೆದಳು. ಎರಡರ ಸರಾಸರಿ 451 ಬಂತು. ಪಾಸ್. ಪೆನ್ ಎತ್ತಿಕೊಂಡವಳು ಬರೆಯದೆ ಕೆಳಗಿಟ್ಟಳು. "ಮೇಡಂ, ಅಂಚಿಗೇ ಬಂದಿದೆ. ಇನ್ನೊಂದು ಗುಂಡು ಹಾಕ್ಲಾ?" ಅಂದಳು. ಹಾಕು ಅಂದೆ.