ತರವಾಡು ಮನೆಯ ಕಿಟಕಿ ಕೆಲಸ: ಪಡುಬದಿಯ ಸಾಲು ಮುಗಿಯಿತು

ನವೆಂಬರ್

ಕಾಸರಗೋಡಿನ ಪೆರ್ಲದ ಹತ್ತಿರ ಇರುವ ನಮ್ಮ ತರವಾಡು ಮನೆಯ, ಅಂದರೆ ಕುಟುಂಬದ ಮೂಲಮನೆಯ, ಕಿಟಕಿ ಕೆಲಸ ಕೊನೆಗೂ ಶುರುವಾಯಿತು. ಮೊದಲು ಪಡುಬದಿಯ ಸಾಲು. ಮಳೆ ಹೊಡೆಯುವುದು ಆ ಕಡೆಯಿಂದಲೇ. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಸುರಿಯುವ ಜಾಗ ಕಾಸರಗೋಡು. ಹಾಳಾಗುವುದಿದ್ದರೆ ಅಲ್ಲೇ ಮೊದಲು.

ಮನೆಗೆ ಎಷ್ಟು ವರ್ಷ ಎಂದು ಕೇಳಿದರೆ ದೊಡ್ಡಪ್ಪ ಧೈರ್ಯವಾಗಿ 1865 ಅನ್ನುತ್ತಾರೆ. ಹಂಚಿನ ಮೇಲೆ ಬರೆದಿದೆಯಲ್ಲ! ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಸುಟ್ಟ ಹಂಚುಗಳ ಮೇಲೂ ಅದೇ ಇಸವಿ ಒತ್ತಿದ್ದಾರೆ. ನಾನು ಹೇಳಿ ನೋಡಿದೆ, ಪ್ರಯೋಜನ ಇಲ್ಲ.

ಕುಟುಂಬದಲ್ಲಿ ಅರ್ಧ ಜನ ಅಲ್ಯೂಮಿನಿಯಂ ಹಾಕಿಸು ಎಂದರು. "ಎಲ್ಲ ಕುಂಬಾಗಿದೆ ಮಾರಾಯ, ಸುಮ್ನೆ ದುಡ್ಡು ದಂಡ" ಎಂದರು ದೊಡ್ಡಪ್ಪ. ಕುಂಬು ಅಂದರೆ ಕೊಳೆತ ಮರ. ಒಂದು ಕಿಟಕಿ ಬಿಚ್ಚಿ ನೋಡುವ, ಆಮೇಲೆ ಮಾತಾಡುವ ಎಂದೆ.

ಬಿಚ್ಚಿದೆವು. ದಾರಂದ, ಅಂದರೆ ಕಿಟಕಿಯ ಚೌಕಟ್ಟು, ಹಲಸಿನದು. ಮೇಲಿನ ಮರಕ್ಕೆ ಉಳಿಯ ಮೊನೆ ಒತ್ತಿದರೂ ಇಳಿಯುವುದಿಲ್ಲ. ಕುಂಬಾದದ್ದು ಕೆಳಗಿನ ಅಡ್ಡಮರದ ಹೊರ ಅಂಚು, ಬದಿಯ ಮರಗಳ ಬುಡದಲ್ಲಿ ನಾಲ್ಕೈದು ಇಂಚು, ಮತ್ತೆ ಮರದ ಸರಳುಗಳು ಕೂತಿರುವ ಕೆಳಗಿನ ತೂತುಗಳು. ಅಷ್ಟೇ.

ಕಾರಣವೂ ಅಲ್ಲೇ ಕಂಡಿತು. ಯಾವುದೋ ಕಾಲದಲ್ಲಿ ದಾರಂದದ ಸುತ್ತ ಸಿಮೆಂಟ್ ಮೆತ್ತಿಸಿದ್ದಾರೆ. ಗೋಡೆ ಮುರಕಲ್ಲಿನದು, ಹಳೆಯ ಗಾರೆ ಸುಣ್ಣದ್ದು. ಸುಣ್ಣದ ಗಾರೆ ಮಳೆಯಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟ್ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮರ ಹಿಗ್ಗಿ ಕುಗ್ಗುವಾಗ ನಡುವೆ ಸಣ್ಣ ಸಂದು ಬೀಳುತ್ತದೆ, ನೀರು ಅದರೊಳಗೆ ಇಳಿದು ಅಲ್ಲೇ ಕೂರುತ್ತದೆ. ಸಾಲದ್ದಕ್ಕೆ ಮರದ ಮೇಲೆ ಪದರ ಪದರ ಎನಾಮಲ್ ಬಣ್ಣ. ಮರದ ತೇವ ಶೇಕಡಾ 20 ದಾಟಿ ಹಾಗೇ ಉಳಿದರೆ ಕೊಳೆಸುವ ಬೂಸ್ಟಿಗೆ ದಾರಿ ಆಯಿತು. ತೇವ ನೋಡುವ ಮೀಟರ್ ಬುಡದಲ್ಲಿ 28 ತೋರಿಸಿತು, ಮೇಲ್ಗಡೆ 16. ಅಷ್ಟೊಂದು ಮಳೆಗಾಲಗಳು ಮಾಡದ್ದನ್ನು ನಾಲ್ಕು ಬಾಂಡ್ಲಿ ಸಿಮೆಂಟ್ ಮಾಡಿದೆ.

ಡಿಸೆಂಬರ್

ಬಣ್ಣ ತೆಗೆಯುವ ಕೆಲಸ. ಬೇಜಾರಿನದ್ದು, ಆದರೆ ಹುಷಾರಾಗಿ ಮಾಡಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಬಣ್ಣದಲ್ಲಿ ಸೀಸ ಇದೆ ಎಂದೇ ಲೆಕ್ಕ ಹಾಕುವುದು ಒಳ್ಳೆಯದು. ಹಾಗಾಗಿ ಒಣ ಮರಳುಕಾಗದ ಇಲ್ಲ, ಬ್ಲೋಲ್ಯಾಂಪ್ ಇಲ್ಲ. ನೀರು ಚಿಮುಕಿಸಿ ಒದ್ದೆ ಮಾಡಿ ಕೆರೆದೆವು. ಮುಖಕ್ಕೆ ಮಾಸ್ಕ್, ಕೆಳಗೆ ಪ್ಲಾಸ್ಟಿಕ್ ಹಾಳೆ. ಹಕ್ಕಳೆ ಎಲ್ಲ ಡಬ್ಬಿಗೆ. ಕೆರೆಯುವ ಜಾಗಕ್ಕೆ ಮಕ್ಕಳಿಗೆ ಪ್ರವೇಶ ಇಲ್ಲ, ಬಾವಿಯ ಹತ್ತಿರ ಕಿಟಕಿ ಹಲಗೆಗಳಿಗೂ ಇಲ್ಲ.

ಕೆರೆದಾಗ ಒಂದು ವಿಷಯ ಗೊತ್ತಾಯಿತು. ಕೆಳಗಿನ ಕಿಟಕಿಗಳಿಗೆ ಬಿಜಾಗರಿಯೇ ಇಲ್ಲ. ಬಾಗಿಲಿನ ಮರದ್ದೇ ಮೊನೆ ಮೇಲೆ ಕೆಳಗೆ ಕುಳಿಯಲ್ಲಿ ಕೂತು ತಿರುಗುತ್ತದೆ. ಉಪ್ಪರಿಗೆಯಲ್ಲಿ ಮಾತ್ರ ಕಬ್ಬಿಣದ ಬಿಜಾಗರಿ. ಉಪ್ಪರಿಗೆ ಆಮೇಲೆ ಎಬ್ಬಿಸಿದ್ದಿರಬೇಕು ಎಂದು ನನ್ನ ಅಂದಾಜು. ದೊಡ್ಡಪ್ಪನ ಹತ್ತಿರ ಇನ್ನೂ ಹೇಳಿಲ್ಲ.

ಜನವರಿ

ಬಡಗಿ ಆಚಾರ್ರು ಬಂದರು. ಇಡೀ ಚೌಕಟ್ಟು ಮರದ ಮೊಳೆಗಳ ಮೇಲೆ ನಿಂತಿದೆ. ಮೊಳೆ ಹಿಂದಿನಿಂದ ತಟ್ಟಿದರೆ ಕೀಲು ಬಿಡುತ್ತದೆ, ಕೆಟ್ಟ ತುಂಡು ಮಾತ್ರ ಬದಲಿಸಬಹುದು. ಮಾಡಿದವರೇ ರಿಪೇರಿಗೆ ಜಾಗ ಬಿಟ್ಟು ಮಾಡಿದ್ದಾರೆ.

ಹೊಸ ತುಂಡಿಗೆ ಮರ ಎಲ್ಲಿಂದ? ಹಳೆ ಹಟ್ಟಿ ಬಿಚ್ಚಿದಾಗ ಉಳಿದ ಹಲಸಿನ ಪಕ್ಕಾಸು (ಮಾಡಿನ ಮರ) ಅಟ್ಟದಲ್ಲಿತ್ತು. ಚೆನ್ನಾಗಿ ಒಣಗಿದ ತಿರುಳು. ಹೊರಗಿನ ಬಿಳಿ ಭಾಗ ಕೆತ್ತಿ ಬಿಸಾಡಿದೆವು, ಕುಟ್ಟೆ ಹುಳ ಹಿಡಿಯುವುದು ಅದಕ್ಕೇ. ಬೆಸುಗೆಯನ್ನು ಓರೆಯಾಗಿ ಕೊಯ್ದರು. ನೀರು ಸಂದಿಗೆ ಇಳಿಯದೆ ಹೊರಗೆ ಜಾರಲಿ ಎಂದು. ಎಳೆ ಹಳೆ ಮರದ ದಿಕ್ಕಿಗೇ ಬರಬೇಕು ಎಂದು ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು.

ಎಪಾಕ್ಸಿ ತುಂಬಿದರೆ ಬೇಗ ಮುಗಿಯುತ್ತದಲ್ವಾ ಎಂದು ಕೇಳಿದವರು ಇದ್ದಾರೆ. ಸಣ್ಣ ಗುಳಿಗಳಿಗೆ ನಾನೂ ಹಾಕಿದ್ದೇನೆ. ಆದರೆ ಬುಡದ ದೊಡ್ಡ ಜಾಗಕ್ಕೆ ನನಗೆ ನಂಬಿಕೆ ಇಲ್ಲ. ಮಳೆಗಾಲದಲ್ಲಿ ಮರ ಹಿಗ್ಗುತ್ತದೆ, ಎಪಾಕ್ಸಿ ಹಿಗ್ಗುವುದಿಲ್ಲ. ಮತ್ತೆ ಸಂದು, ಮತ್ತೆ ನೀರು.

ನಾವು ಹೊಸದಾಗಿ ಸೇರಿಸಿದ್ದು ಎರಡೇ. ಅಡ್ಡಮರದ ಹೊರ ಅಂಚಿನ ಅಡಿಯಲ್ಲಿ ಉದ್ದಕ್ಕೆ ಒಂದು ಸಣ್ಣ ಗಾಡಿ, ಅಂದರೆ ಕಾಲುವೆಯಂಥ ಗೀರು, ತೆಗೆದೆವು, ನೀರು ಅಡಿಯಿಂದ ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಎಂದು. ಸರಳಿನ ತೂತುಗಳಿಂದ ಹೊರಗೆ ಇಳಿಜಾರಾಗಿ ಕಿರಿದಾದ ರಂಧ್ರ ಕೊರೆದೆವು. ಒಳಗೆ ನೀರು ಬಿದ್ದರೂ ಹೊರಗೆ ಹೋಗಲಿ.

ಒದ್ದೆ ಬಾಗಿಲುಗಳನ್ನು ಒಣಗಿಸುವುದೆಲ್ಲಿ? ಅಂಗಳ ತುಂಬ ಅಡಿಕೆ. ಅಡಿಕೆ ಒಣಗಿಸುವ ಸೋಲಾರ್ ಶೆಡ್ಡಿನಲ್ಲಿ ಇಡು ಎಂದರು ದೊಡ್ಡಪ್ಪ. ಆಚಾರ್ರು ಬಿಡಲಿಲ್ಲ. "ಅಡಿಕೆ ಗಲಗಲ ಅಂದರೆ ಒಳ್ಳೆಯದು ಅಣ್ಣಾ, ಕಿಟಕಿ ಹಾಗಂದರೆ ಹೇಗೆ?" ಕೊನೆಗೆ ಚಾವಡಿಯ ನೆರಳಲ್ಲಿ, ಅಡಿಗೆ ರೀಪು ಕೊಟ್ಟು ಸಾಲಾಗಿ ಇಟ್ಟೆವು.

ಫೆಬ್ರವರಿ

ಎಣ್ಣೆ. ಗೋಡೆಗೆ ತಾಗುವ ಹಿಂಬದಿಗೆ ಗೇರೆಣ್ಣೆ, ಗೆದ್ದಲಿಗೆ ನಮ್ಮ ಕಡೆಯ ಹಳೆ ಮದ್ದು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಗ್ಲೌಸ್ ಬೇಕೇ ಬೇಕು. ಕಾಣುವ ಮುಖಕ್ಕೆ ಕಾಯಿಸಿದ ಅಗಸೆ ಎಣ್ಣೆ, ಮೊದಲ ಕೈಗೆ ಸ್ವಲ್ಪ ಟರ್ಪೆಂಟೈನ್ ಬೆರೆಸಿ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಸೋಗೆ, ಅಡಿಕೆ ಸಿಪ್ಪೆ ರಾಶಿ ಬಿದ್ದಿರುವ ಮನೆಯಲ್ಲಿ ಇದು ತಮಾಷೆ ಅಲ್ಲ. ನೀರಿನ ಬಕೆಟಿಗೆ ಹಾಕಿ ಇಡುತ್ತಿದ್ದೆವು.

ಹೊಸ ತುಂಡುಗಳು ಸದ್ಯಕ್ಕೆ ಹಳದಿಯಾಗಿ ಎದ್ದು ಕಾಣುತ್ತವೆ. ಬಣ್ಣ ಹಚ್ಚಿ ಮುಚ್ಚುವುದು ಬೇಡ ಎಂದೆ. ಹಲಸು ಗಾಳಿ ಬೆಳಕು ತಾಗಿ ತಾನೇ ಕಂದಾಗುತ್ತದೆ.

ಮಾರ್ಚ್

ದಾರಂದಗಳು ಗೋಡೆಗೆ ಮರಳಿದವು. ಸಿಮೆಂಟ್ ಪೂರ್ತಿ ಕಿತ್ತು, ಚಿಪ್ಪಿನ ಸುಣ್ಣ ಒಂದು ಪಾಲು, ಮರಳು ಮೂರು ಪಾಲು ಕಲಸಿ ತುಂಬಿದೆವು. ಬೇಗ ಒಣಗಿ ಬಿರುಕು ಬಿಡದಂತೆ ಒದ್ದೆ ಗೋಣಿ ಕಟ್ಟಿದ್ದೇವೆ. ಬುಡದ ಮೀಟರ್ ಈಗ 15.

ಖರ್ಚಿನಲ್ಲಿ ದೊಡ್ಡ ಪಾಲು ಆಚಾರ್ರ ಸಂಬಳ. ಮರಕ್ಕೆ ಹೆಚ್ಚುಕಡಿಮೆ ಏನೂ ಆಗಲಿಲ್ಲ.

ಉಪ್ಪರಿಗೆಯದ್ದು ಈ ಮಳೆ ಕಳೆದ ಮೇಲೆ. ಅಲ್ಲಿ ಕಿಟಕಿ ಬಾಗಿಲುಗಳಲ್ಲಿ ಓರೆ ಪಟ್ಟಿಗಳಿವೆ, ಅರ್ಧಕ್ಕರ್ಧ ಬಿದ್ದುಹೋಗಿವೆ. ಪಟ್ಟಿಗಳನ್ನೆಲ್ಲ ಒಟ್ಟಿಗೆ ತಿರುಗಿಸುವ ಸಣ್ಣ ಕೋಲು ಒಂದರಲ್ಲಿ ಮಾತ್ರ ಉಳಿದಿದೆ. ಅದನ್ನು ಅಳೆದು ಅಚ್ಚು ಮಾಡಿಕೊಳ್ಳಲು ಆಚಾರ್ರು ಮನೆಗೆ ಒಯ್ದಿದ್ದಾರೆ. ಹಾಗೆಯೇ ಅಡುಗೆಮನೆ ಕಿಟಕಿ ಯಾವಾಗ ಎಂದು ದೊಡ್ಡಪ್ಪ ಕೇಳುತ್ತಿದ್ದಾರೆ. ಅಲ್ಯೂಮಿನಿಯಂ ಸುದ್ದಿ ಎತ್ತಿಲ್ಲ.