11 ಮತ್ತು 14ರ ಅದಲುಬದಲು: ಮ್ಯಾಂಟಲ್ ಸೆಲ್ ಲಿಂಫೋಮಾ ಕುರಿತು

ಸಿರುಗುಪ್ಪ, ಸಿಂಧನೂರು, ಗಂಗಾವತಿ ಕಡೆಯಿಂದ ಬಳ್ಳಾರಿಯ ನಮ್ಮ ಲ್ಯಾಬಿಗೆ ಬರುವ ಕುತ್ತಿಗೆಯ ಗಂಟುಗಳಲ್ಲಿ ಹೆಚ್ಚಿನವು ಟಿಬಿಯವೋ ಸಾಧಾರಣ ಸೋಂಕಿನವೋ ಆಗಿರುತ್ತವೆ. ಆದ್ದರಿಂದ ಗಂಟು ಕಂಡೊಡನೆ ವೈದ್ಯರ ಯೋಚನೆ ಟಿಬಿಯತ್ತ ಹೋಗುವುದು ಸಹಜ. ಆದರೆ ಅರವತ್ತು ದಾಟಿದ ಗಂಡಸರೊಬ್ಬರಿಗೆ ಕುತ್ತಿಗೆ, ಕಂಕುಳು, ತೊಡೆಸಂದುಗಳಲ್ಲೆಲ್ಲ ನೋವಿಲ್ಲದ ಗಂಟುಗಳಿದ್ದು, ಗುಲ್ಮವೂ ಊದಿಕೊಂಡಿದ್ದರೆ, ಪೆಥಾಲಜಿಸ್ಟ್ ಆದವರು ಪರಿಗಣಿಸಲೇಬೇಕಾದ ಅಪರೂಪದ ಕಾಯಿಲೆಗಳಲ್ಲಿ ಮ್ಯಾಂಟಲ್ ಸೆಲ್ ಲಿಂಫೋಮಾ ಒಂದು. ಇದು ಬಿ ಕೋಶ ಎಂಬ ಬಗೆಯ ಬಿಳಿ ರಕ್ತಕಣದಲ್ಲಿ ಹುಟ್ಟುವ ಕ್ಯಾನ್ಸರ್. ಹಾಡ್ಜ್‌ಕಿನ್ ಅಲ್ಲದ ಲಿಂಫೋಮಾಗಳಲ್ಲಿ ಇದರ ಪಾಲು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಸ್ಲೈಡನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟಾಗ ಮೊದಲು ಗಮನ ಸೆಳೆಯುವುದು ಜೀವಕೋಶಗಳ ಏಕತಾನ. ಎಲ್ಲವೂ ಸಣ್ಣ ಅಥವಾ ಮಧ್ಯಮ ಗಾತ್ರದವು, ಕೋಶಕೇಂದ್ರದ ಅಂಚು ಮಾತ್ರ ಸೊಟ್ಟಸೊಟ್ಟ. ನಡುನಡುವೆ ಗೋಡೆ ದಪ್ಪಗಾದ ಪುಟ್ಟ ರಕ್ತನಾಳಗಳು ಮತ್ತು ಗುಲಾಬಿ ಬಣ್ಣದ ಒಂಟಿ ಹಿಸ್ಟಿಯೋಸೈಟ್‌ಗಳು (ಕಸ ನುಂಗುವ ರಕ್ಷಕ ಕೋಶಗಳು) ಕಾಣುತ್ತವೆ. ಆದರೆ ಕಣ್ಣಿನ ನೋಟವನ್ನಷ್ಟೇ ನೆಚ್ಚಿಕೊಂಡು ರೋಗದ ಹೆಸರು ಬರೆಯುವಂತಿಲ್ಲ. ದೀರ್ಘಕಾಲಿಕ ಲಿಂಫೋಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿನ ಕೋಶಗಳೂ ಸಣ್ಣವೇ, ಅವೂ ಇವುಗಳಂತೆಯೇ ಸಿಡಿ20 ಮತ್ತು ಸಿಡಿ5 ಎಂಬ ಕೋಶದ ಮೇಲ್ಮೈಯ ಗುರುತಿನ ಪ್ರೋಟೀನುಗಳೆರಡನ್ನೂ ತೋರಿಸುತ್ತವೆ. ಸಿಡಿ23 ಎಂಬ ಇನ್ನೊಂದು ಗುರುತು ಅಲ್ಲಿ ಸಾಮಾನ್ಯವಾಗಿ ಪಾಸಿಟಿವ್, ಇಲ್ಲಿ ನೆಗೆಟಿವ್ ಎಂಬುದು ಉಪಯುಕ್ತ ಸುಳಿವು ಹೌದು, ಕೊನೆಯ ತೀರ್ಪಲ್ಲ.

ತೀರ್ಪು ಇರುವುದು ವರ್ಣತಂತುಗಳಲ್ಲಿ. ಮೂಳೆಮಜ್ಜೆಯಲ್ಲಿ ಬಿ ಕೋಶವು ಎಳೆಯದಾಗಿರುವಾಗ, ಪ್ರತಿಕಾಯದ ಜೀನನ್ನು ರೂಪಿಸಿಕೊಳ್ಳಲು ತನ್ನದೇ ಡಿಎನ್‌ಎಯನ್ನು ಕತ್ತರಿಸಿ ಜೋಡಿಸುತ್ತದೆ. ಈ ಕೆಲಸ ತಪ್ಪಿದಾಗ 11ನೇ ವರ್ಣತಂತುವಿನ ತುಂಡು 14ನೇ ವರ್ಣತಂತುವಿಗೆ ಹೋಗಿ ಕೂಡಿಕೊಳ್ಳುತ್ತದೆ. 11ರಲ್ಲಿ ಸೈಕ್ಲಿನ್ ಡಿ1 ಜೀನ್ ಇದೆ, 14ರಲ್ಲಿ ಪ್ರತಿಕಾಯದ ಭಾರ ಸರಪಳಿಯ ಜೀನ್ ಇದೆ. ಎರಡನೆಯದು ಬಿ ಕೋಶದಲ್ಲಿ ಸದಾ ಚುರುಕಾಗಿರುವ ಜಾಗ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯಂಚಿನ ಹೊಲವನ್ನು ಎತ್ತಿ ತೂಬಿನ ಬಾಯಿಗೆ ತಂದಿಟ್ಟಂತೆ, ಬಿ ಕೋಶದಲ್ಲಿ ಸುಮ್ಮನಿರಬೇಕಾದ ಸೈಕ್ಲಿನ್ ಡಿ1 ಎಡೆಬಿಡದೆ ತಯಾರಾಗತೊಡಗುತ್ತದೆ. ಅದು ಸಿಡಿಕೆ4 ಮತ್ತು ಸಿಡಿಕೆ6 ಎಂಬ ಕಿಣ್ವಗಳೊಡನೆ ಸೇರಿ ಆರ್‌ಬಿ ಪ್ರೋಟೀನಿನ ತಡೆಯನ್ನು ಸಡಿಲಿಸುತ್ತದೆ. ಕೋಶವು ವಿಭಜನೆಯ ಮುಂದಿನ ಹಂತಕ್ಕೆ ದಾಟುತ್ತದೆ.

ಈ ಅದಲುಬದಲನ್ನು ಪತ್ತೆಹಚ್ಚುವ ನೇರ ದಾರಿ ಫಿಶ್, ಅಂದರೆ ಜೀನುಗಳಿಗೆ ಹೊಳೆಯುವ ಬಣ್ಣ ಹಚ್ಚಿ ನೋಡುವ ಪರೀಕ್ಷೆ: ಒಂದು ಜೀನಿಗೆ ಕೆಂಪು, ಇನ್ನೊಂದಕ್ಕೆ ಹಸಿರು ಗುರುತು ಹಚ್ಚಿದರೆ, ಎರಡೂ ಕೂಡಿದ ಕಡೆ ಹಳದಿ ಚುಕ್ಕೆ ಮೂಡುತ್ತದೆ. ಅದಕ್ಕಾಗಿ ಬ್ಲಾಕನ್ನು (ಮೇಣದಲ್ಲಿ ಹುದುಗಿಸಿದ ಗಂಟಿನ ತುಂಡನ್ನು) ದೊಡ್ಡ ಊರಿಗೆ ಕಳಿಸಬೇಕಾಗಬಹುದು. ಆದರೆ ಜೀನಿನ ಫಲವಾದ ಸೈಕ್ಲಿನ್ ಡಿ1 ಪ್ರೋಟೀನನ್ನು ಇಮ್ಯುನೋ ಬಣ್ಣದಿಂದಲೇ (ಪ್ರತಿಕಾಯ ಬಳಸಿ ಒಂದು ಪ್ರೋಟೀನಿಗಷ್ಟೇ ಹಚ್ಚುವ ಬಣ್ಣ) ನೋಡಬಹುದು ಎಂಬುದು ಈ ಕಾಯಿಲೆಯ ವಿಷಯದಲ್ಲಿ ನಮಗೆ ದೊಡ್ಡ ಅನುಕೂಲ. ಲಿಂಫೋಮಾ ಕೋಶಗಳ ಕೇಂದ್ರಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಅದೇ ಸ್ಲೈಡಿನಲ್ಲಿ ರಕ್ತನಾಳದ ಒಳಪದರದ ಕೋಶಗಳೂ ಕೆಲವು ಹಿಸ್ಟಿಯೋಸೈಟ್‌ಗಳೂ ಸಹಜವಾಗಿಯೇ ಕಂದಾಗುವುದರಿಂದ, ಅವೂ ಬಿಳಿಚಿಕೊಂಡಿದ್ದರೆ ಬಣ್ಣವೇ ಹಿಡಿದಿಲ್ಲ ಎಂದು ಅನುಮಾನಿಸಬೇಕು. ಅವನ್ನು ನೋಡದೆ ‘ನೆಗೆಟಿವ್’ ಎಂದು ವರದಿ ಬರೆಯುವುದು ನನ್ನ ದೃಷ್ಟಿಯಲ್ಲಿ ಅವಸರದ ಕೆಲಸ. ಕೆಲವೇ ರೋಗಿಗಳಲ್ಲಿ ಸೈಕ್ಲಿನ್ ಡಿ1 ನಿಜವಾಗಿಯೂ ಇರುವುದಿಲ್ಲ, ಅದರ ಜಾಗದಲ್ಲಿ ಡಿ2 ಅಥವಾ ಡಿ3 ಇರುತ್ತದೆ. ಆಗ ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಾಣುವ ಸಾಕ್ಸ್11 ಎಂಬ ಇನ್ನೊಂದು ಪ್ರೋಟೀನಿನ ಬಣ್ಣ ಕೈಹಿಡಿಯುತ್ತದೆ.

ಅದಲುಬದಲೊಂದರಿಂದಲೇ ಕಾಯಿಲೆ ಬರುವುದಿಲ್ಲ. ಅತಿ ಸೂಕ್ಷ್ಮ ಪರೀಕ್ಷೆ ಮಾಡಿದರೆ ಕೆಲವು ಆರೋಗ್ಯವಂತರ ರಕ್ತದಲ್ಲೂ ಇಂಥ ಕೋಶಗಳು ಸಿಗುತ್ತವೆ. ಡಿಎನ್‌ಎ ರಿಪೇರಿಗೆ ಬೇಕಾದ ಎಟಿಎಂ ಜೀನ್ ಕೆಡುವಂಥ ಮುಂದಿನ ಪೆಟ್ಟುಗಳೂ ಬೀಳಬೇಕು. ಕ್ಯಾನ್ಸರನ್ನು ತಡೆಯುವ ಟಿಪಿ53 ಜೀನ್ ಕೆಟ್ಟಿದ್ದರೆ ರೋಗ ಉಗ್ರವಾಗುತ್ತದೆ, ಸಾಮಾನ್ಯ ಕೀಮೋಥೆರಪಿಗೆ ಸರಿಯಾಗಿ ಬಗ್ಗುವುದಿಲ್ಲ. ವಿಭಜನೆಯ ವೇಗ ತಿಳಿಸುವ ಕೆಐ-67 ಶೇ. 30 ದಾಟಿದರೂ ಲಕ್ಷಣ ಒಳ್ಳೆಯದಲ್ಲ. ಇದಕ್ಕೆ ವಿರುದ್ಧವಾಗಿ, ಗಂಟುಗಳಿಲ್ಲದೆ ರಕ್ತದಲ್ಲೂ ಗುಲ್ಮದಲ್ಲೂ ಮಾತ್ರ ಕಾಣಿಸಿಕೊಳ್ಳುವ, ಸಾಕ್ಸ್11 ಇಲ್ಲದ ಬಗೆಯೊಂದಿದೆ. ಅಂಥ ಕೆಲವರನ್ನು ವರ್ಷಗಟ್ಟಲೆ ಬರೀ ಗಮನಿಸುತ್ತ ಹೋಗಬಹುದು.

ವರದಿ ಒಯ್ಯಲು ಬಂದ ಮನೆಯವರು ‘ಜೀನ್’ ಎಂಬ ಮಾತು ಕಿವಿಗೆ ಬಿದ್ದೊಡನೆ, “ಹಂಗಾರ ಮಕ್ಕಳಿಗೂ ಬರ್ತದೇನ್ರಿ ಸರ್?” ಎಂದು ಕೇಳುತ್ತಾರೆ. ಈ ಅದಲುಬದಲು ತಂದೆತಾಯಿಯಿಂದ ಬಂದದ್ದಲ್ಲ, ಬದುಕಿನ ನಡುವೆ ಒಂದು ಬಿ ಕೋಶದಲ್ಲಿ ಆದದ್ದು. ವೀರ್ಯಾಣು, ಅಂಡಾಣುಗಳಲ್ಲಿ ಅದು ಇರುವುದಿಲ್ಲ, ಹಾಗಾಗಿ ಮಕ್ಕಳಿಗೆ ದಾಟುವುದಿಲ್ಲ. ಇದನ್ನು ಕೌಂಟರಿನಲ್ಲಿ ನಿಂತುಕೊಂಡಲ್ಲ, ಕೂರಿಸಿ ಹೇಳಬೇಕು.

ಇಷ್ಟೆಲ್ಲ ತಿಳಿಯಬೇಕಾದರೆ ಗಂಟು ನಮ್ಮ ಕೈಗೆ ಸರಿಯಾಗಿ ಬರಬೇಕು. ಸೂಜಿ ಪರೀಕ್ಷೆಯಲ್ಲಿ ಗಂಟಿನ ಒಳರಚನೆ ಕಾಣುವುದಿಲ್ಲವಾದ್ದರಿಂದ, ಸಾಧ್ಯವಿದ್ದಲ್ಲಿ ಇಡೀ ಗಂಟನ್ನೇ ತೆಗೆಯುವುದು ಮೇಲು. ನಲವತ್ತು ಡಿಗ್ರಿಯ ನಮ್ಮ ಬೇಸಿಗೆಯಲ್ಲಿ ಸಲೈನಿನಲ್ಲೋ ಒದ್ದೆ ಗಾಜ್ ಬಟ್ಟೆಯಲ್ಲೋ ಬಸ್ಸಿನಲ್ಲಿ ಬಂದ ಗಂಟು ದಾರಿಯಲ್ಲೇ ಕೊಳೆಯತೊಡಗುತ್ತದೆ. ಗಂಟನ್ನು ಸೀಳಿ, ಅದರ ಹತ್ತು ಪಟ್ಟು ಪ್ರಮಾಣದ, ಬಫರ್ ಬೆರೆತ ಶೇ. 10ರ ಫಾರ್ಮಾಲಿನಿನಲ್ಲಿ ಮುಳುಗಿಸಬೇಕು. ಬಫರ್ ಇಲ್ಲದ ಫಾರ್ಮಾಲಿನ್ ಬರಬರುತ್ತ ಆಮ್ಲವಾಗಿ ಡಿಎನ್‌ಎಯನ್ನು ಚೂರು ಮಾಡುತ್ತದೆ. ಮೂಳೆಮಜ್ಜೆಯ ತುಂಡಿಗೂ ಇದೇ ತೊಂದರೆ: ಮೂಳೆಯನ್ನು ಮೆದುಗೊಳಿಸಲು ತೀಕ್ಷ್ಣ ಆಮ್ಲ ಬಳಸಿದರೆ ಮುಂದೆ ಫಿಶ್ ಮಾಡಿಸಿಯೂ ಉಪಯೋಗವಾಗದೆ ಹೋಗಬಹುದು. ಮೂಳೆಯ ಸುಣ್ಣವನ್ನು ಮೆಲ್ಲಗೆ ತೆಗೆಯುವ ಇಡಿಟಿಎ ದ್ರಾವಣ ನಿಧಾನ, ಆದರೂ ಜೀನ್ ಪರೀಕ್ಷೆಯ ಸಾಧ್ಯತೆ ಇದ್ದಾಗ ನಾವು ಅದನ್ನೇ ಬಳಸುತ್ತೇವೆ, ವರದಿ ಒಂದೆರಡು ದಿನ ತಡವಾಗುತ್ತದೆಂದು ಮೊದಲೇ ತಿಳಿಸಿಬಿಡುತ್ತೇವೆ.